ನಮ್ಮ ಬಚ್ಚಲಿನ ಗಾಳಿಕಿಂಡಿ ಮುಚ್ಚಿಸಿದವರಿಗೆ

ಇಂಧನ ಉಳಿತಾಯ ಸಲಹಾ ಕೇಂದ್ರದ ಮುಖ್ಯಸ್ಥರೇ,

ನಿಮ್ಮ ಕೇಂದ್ರದ ಉಚಿತ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ನಮ್ಮ ಅತ್ತಿಗೆ ಬಚ್ಚಲುಮನೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಬದುಕಿದ್ದಾರೆ. ಅದು ತಮ್ಮ ಪುಣ್ಯ. ಈ ಮಾತನ್ನು ತಮ್ಮೆದುರೇ ಹೇಳಬೇಕೆಂದು ಕಚೇರಿಗೆ ಬಂದೆ, ತಾವು ಸಭೆಯಲ್ಲಿದ್ದಿರಿ. ಮತ್ತೆ ಬಂದೆ, ಸಭೆ ಮುಗಿದಿರಲಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಸಭೆಯಲ್ಲಿ ಬೇಸರವಾಗಿ ಯಾರಾದರೂ ಪತ್ರಿಕೆ ಬಿಡಿಸಿದರೆ ತಮ್ಮ ಕಣ್ಣಿಗೂ ಬಿದ್ದೀತು.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಅಣ್ಣ ತೀರಿಕೊಂಡ ಮೇಲೆ ನಾನೂ ಅತ್ತಿಗೆಯೂ ಮೇಲಿನ ಮಹಡಿಯ ಪುಟ್ಟ ಮನೆಯೊಂದರಲ್ಲಿ ಇದ್ದೇವೆ. ಅತ್ತಿಗೆಯದು ಶಾಲಾ ಸಮವಸ್ತ್ರ ಹೊಲಿಯುವ ಕೆಲಸ. ಸರ್ಕಾರದ ಮಾತೆಂದರೆ ಅವರಿಗೆ ವೇದವಾಕ್ಯ. ಚಳಿ ಶುರುವಾದಾಗ ರೇಡಿಯೋದಲ್ಲಿ ನಿಮ್ಮ ಜಾಹೀರಾತು ಕೇಳಿ, ತಾವೇ ಫೋನ್ ಮಾಡಿ ಹೆಸರು ಬರೆಸಿದರು. "ಬರ್ತಾರೆ, ನೋಡ್ತಾರೆ, ನಾಲ್ಕು ಒಳ್ಳೆ ಮಾತು ಹೇಳ್ತಾರೆ. ಹೇಳಿಸ್ಕೊಳ್ಳೋಕೆ ನಮ್ಗೇನು ಕಷ್ಟ?" ಎಂದರು. ಸಲಹೆಗಾರ ಬರುವ ದಿನ ನೆಂಟರು ಬರುವ ಮನೆಯಂತೆ ಗುಡಿಸಿ ಒರೆಸಿ, ಕುರ್ಚಿಗೆ ಹೊಸ ಬಟ್ಟೆಯನ್ನೂ ಹಾಸಿದರು.

ಬಂದ ಯುವಕ ಸೌಜನ್ಯವಂತ, ಅದರಲ್ಲಿ ಎರಡು ಮಾತಿಲ್ಲ. ಬಲ್ಬುಗಳನ್ನು ನೋಡಿದರು, ಫ್ರಿಜ್ಜಿನ ಬಾಗಿಲ ರಬ್ಬರು ಎಳೆದರು, ಕಿಟಕಿಯ ಸಂದಿಗೆ ಅಂಗೈ ಹಿಡಿದರು. ಬಚ್ಚಲಿನ ಗೋಡೆಯ ಗಾಳಿಕಿಂಡಿ ಕಂಡದ್ದೇ ತಡ, ಮುಖ ಅರಳಿತು. "ನೋಡಿ ಮೇಡಂ, ನಿಮ್ಮ ರೂಮ್ ಹೀಟರಿನ ಬಿಸಿಯೆಲ್ಲ ಇಲ್ಲಿಂದ್ಲೇ ಸೋರಿ ಹೋಗ್ತಿದೆ" ಎಂದು ಚೀಲದಿಂದ ಫೋಮಿನ ಸುರುಳಿ ತೆಗೆದರು. ಕಿಂಡಿಯ ಕೆಳಗೇ ಗ್ಯಾಸ್ ಗೀಸರ್ ಇತ್ತು.

"ಇಲ್ಲಿ ಗ್ಯಾಸ್ ಉರಿಯುತ್ತೆ. ಕಿಂಡಿ ಮುಚ್ಚಿದ್ರೆ ಏನೂ ಆಗಲ್ವಾ?" ಎಂದು ಕೇಳಿದೆ.

ಅವರು ಕೈಯಲ್ಲಿದ್ದ ಟ್ಯಾಬಿನ ಪರದೆಯನ್ನು ಮೇಲೆ ಕೆಳಗೆ ಸರಿಸಿ ಹುಡುಕಿದರು. "ಗ್ಯಾಸಿನ ಪ್ರಶ್ನೆನೇ ಇದ್ರಲ್ಲಿ ಇಲ್ಲ ಮೇಡಂ. ನಾವು ಕರೆಂಟಿನೋರು. ಗ್ಯಾಸು ಬೇರೆ ವಿಭಾಗ."

ಅತ್ತಿಗೆ ನನ್ನ ತೋಳು ಚಿವುಟಿದರು. "ಓದಿದೋರು ಹೇಳ್ತಿದಾರೆ, ನೀನು ಸುಮ್ನಿರು." ಕಿಂಡಿ ಮುಚ್ಚಿತು, ಬಾಗಿಲ ಕೆಳಗಿನ ಸಂದಿಯೂ ಮುಚ್ಚಿತು.

ತಮ್ಮನ್ನು ಒಂದು ಮಾತು ಕೇಳಲೇ? ತಾವು ವಿಭಾಗಗಳನ್ನು ಬೇರೆ ಬೇರೆ ಮಹಡಿಗಳಲ್ಲಿ ಕೂರಿಸಬಹುದು, ಬೇರೆ ಬೇರೆ ಬಣ್ಣದ ಫಲಕ ಹಾಕಿಸಬಹುದು. ಆದರೆ ನಮ್ಮ ಬಚ್ಚಲಿನ ಉರಿಗೆ ಈ ವ್ಯವಸ್ಥೆ ತಿಳಿಯುವುದು ಹೇಗೆ? ಮನುಷ್ಯರು ಉಸಿರಾಡುವ ಗಾಳಿ ಯಾವ ವಿಭಾಗಕ್ಕೆ ಸೇರುತ್ತದೆ? ಅದಕ್ಕೂ ಒಬ್ಬ ನಿರ್ದೇಶಕರಿದ್ದಾರೆಯೇ, ಅವರೂ ಸಭೆಯಲ್ಲಿದ್ದಾರೆಯೇ?

ಮುಂದಿನ ವಾರ ಒಂದು ಬೆಳಿಗ್ಗೆ ಅತ್ತಿಗೆ ಸ್ನಾನಕ್ಕೆ ಹೋದರು. ಅವರಿಗೆ ಸ್ನಾನ ಮಾಡುವಾಗ ಏನಾದರೊಂದು ಗುನುಗುವ ಅಭ್ಯಾಸ. ನಾನು ಹೊರಗೆ ಗೋಂದು ಕಲಸುತ್ತಿದ್ದೆ. ಗುನುಗು ನಿಂತದ್ದು ಗಮನಕ್ಕೆ ಬಂತು, ನೀರು ಮಾತ್ರ ಸುರಿಯುತ್ತಲೇ ಇತ್ತು. ಕರೆದೆ. ಬಾಗಿಲು ಬಡಿದೆ. ಪಕ್ಕದ ಮನೆಯ ಬಸ್ ಡ್ರೈವರಣ್ಣ ಓಡಿ ಬಂದು ಭುಜ ಕೊಟ್ಟು ಚಿಲಕ ಮುರಿದರು. ಅತ್ತಿಗೆ ಗೋಡೆಗೊರಗಿ ಕೂತಿದ್ದರು, ಕಣ್ಣು ಅರೆ ತೆರೆದಿತ್ತು. ಸೀರೆ ಸುತ್ತಿ ಮೆಟ್ಟಿಲ ಬಳಿಯ ಗಾಳಿಗೆ ಎಳೆದು ತಂದೆವು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ಬಚ್ಚಲಲ್ಲಿ ಗಾಳಿ ಆಡೋಕೆ ಜಾಗ ಇಲ್ವಾ?"

"ಇತ್ತು. ಸರ್ಕಾರದೋರು ಬಂದು ಮುಚ್ಚಿ ಹೋದ್ರು" ಎಂದೆ. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ವಿಷದ ಗಾಳಿ ತುಂಬುತ್ತದೆಂದು ಅವರು ವಿವರಿಸಿದರು.

ಅತ್ತಿಗೆ ಮನೆಗೆ ಬಂದಿದ್ದಾರೆ. ಆದರೆ ವಿಷದ ಗಾಳಿ ಹೊಕ್ಕ ತಲೆ ಹಿಂದಿನ ಹಾಗಿಲ್ಲ. ಕಣ್ಣು ಮುಚ್ಚಿ ಅಂಗಿಗೆ ತೋಳು ಕೂಡಿಸುತ್ತಿದ್ದವರು ಈಗ ಅರಿವೆಯನ್ನು ಮೇಜಿನ ಮೇಲೆ ಹರಡಿ, ಕತ್ತರಿ ಹಿಡಿದು, "ಇದು ಯಾವ ಕಡೆಯಿಂದ ಕಣೇ?" ಎಂದು ನನ್ನನ್ನು ಕೇಳುತ್ತಾರೆ. ನಾನು ತೋರಿಸುತ್ತೇನೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತಾರೆ.

ನಿಮ್ಮ ಕಚೇರಿಯಲ್ಲಿ ಹೇಳಿದರೆ "ಅದು ಗ್ಯಾಸಿನವರ ತಪ್ಪು" ಎಂದರು. ಗ್ಯಾಸಿನವರು "ಕಿಂಡಿ ಮುಚ್ಚಿದ್ದು ನಾವಲ್ಲ" ಎಂದರು. ಇಬ್ಬರ ಮಾತೂ ಸತ್ಯವೇ. ಬಿದ್ದವರದೇ ತಪ್ಪಿರಬೇಕು. ಈ ನಡುವೆ ನಿಮ್ಮ ಕೇಂದ್ರದಿಂದ ನಮಗೊಂದು ಫೋನ್ ಬಂತು. ಸಲಹೆ ತೃಪ್ತಿಕರವಾಗಿತ್ತೇ ಎಂದು ಕೇಳಲು. ನಾನು ಕಸಿದುಕೊಳ್ಳುವಷ್ಟರಲ್ಲಿ ಅತ್ತಿಗೆ, "ಹೂಂ ಕಣಪ್ಪಾ, ಆ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡ್ದ" ಎಂದುಬಿಟ್ಟರು. ನಿಮ್ಮ ವಾರ್ಷಿಕ ವರದಿಯಲ್ಲಿ ಅತ್ತಿಗೆ ಒಬ್ಬ ತೃಪ್ತ ಫಲಾನುಭವಿ. ಅಭಿನಂದನೆಗಳು.

ನೀವು ಬರುವುದಿಲ್ಲವೆಂದು ಖಚಿತವಾದ ಮೇಲೆ ನಾವೇ ಹೊರಟೆವು. ನಮ್ಮ ಬೀದಿಯಲ್ಲಿ ನಿಮ್ಮ ಫೋಮು ಕಂಡ ಮನೆಗಳ ಬಾಗಿಲು ತಟ್ಟಿದೆವು. ಹೆಚ್ಚಿನವರು ವಿಷಯ ಕೇಳುತ್ತಲೇ ಕಿತ್ತರು. ಮೂಲೆಮನೆಯ ಯಜಮಾನರು ಮಾತ್ರ ಬಾಗಿಲಿಗೆ ಅಡ್ಡ ನಿಂತರು. ಒಳಗೆ ಅವರ ಸೊಸೆ ಮಗುವಿಗೆ ನೀರು ಕಾಯಿಸುತ್ತಿದ್ದಳು.

"ಸರ್ಕಾರದೋರು ಹಾಕಿರೋದು. ತೆಗೆಯೋಕೆ ನೀವ್ಯಾರಮ್ಮ?"

ನಾನು ಬಾಯಿ ತೆರೆಯುವ ಮುಂಚೆಯೇ ಅತ್ತಿಗೆ ಮೆಲ್ಲಗೆ ಹೇಳಿದರು: "ನಾನು ಒಳಗೆ ಬಿದ್ದೋಳು ಕಣಣ್ಣ."

ಆ ಮನುಷ್ಯ ಪಕ್ಕಕ್ಕೆ ಸರಿದು ತಾವೇ ಸ್ಟೂಲು ತಂದುಕೊಟ್ಟರು.

ಒಂದು ಬೀದಿ ನಮ್ಮಿಂದಾಯಿತು. ಊರು ತಮ್ಮದು. ಯಾವ ಯಾವ ಮನೆಗೆ ಹೋಗಿದ್ದಿರೆಂದು ತಮಗೆ ಗೊತ್ತು, ನಮಗೆ ಗೊತ್ತಿಲ್ಲ. ಪರಿಹಾರ ಕೇಳುತ್ತಿಲ್ಲ, ವಿಷಾದಪತ್ರವೂ ಬೇಡ. ಗ್ಯಾಸ್ ಉರಿಯುವ ಕೋಣೆಗಳಲ್ಲಿ ನೀವು ಮುಚ್ಚಿಸಿದ ಪ್ರತಿಯೊಂದು ಕಿಂಡಿಯನ್ನೂ ಈ ಚಳಿ ಮುಗಿಯುವ ಮೊದಲು ನೀವೇ ಹೋಗಿ ತೆಗೆಸಿ. ಅಲ್ಲಿಯವರೆಗೆ ರೇಡಿಯೋದಲ್ಲಿ ನಿಮ್ಮ ಜಾಹೀರಾತಿನ ಹಾಡು ಹಾಕುವ ಬದಲು ಇದೊಂದನ್ನು ಹೇಳಿಸಿ. ಆಗದಿದ್ದರೆ ಆ ಮನೆಗಳ ವಿಳಾಸ ಕೊಡಿ. ಅತ್ತಿಗೆಯೂ ನಾನೂ ನಡೆದೇ ಹೋಗುತ್ತೇವೆ.

ಇಂತಿ,
'ತಮ್ಮ ವಿಶ್ವಾಸಿ' ಎಂದು ಬರೆಯಲು ಕೈ ಬಾರದ
ಒಬ್ಬ ನಾದಿನಿ