ಎರಡು ಗೆರೆಯ ಮದುವೆ

ಶಿಗ್ಗಾಂವ
೧೧ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅವ್ವ,

ಫೋನಿನಲ್ಲಿ ಈ ಮಾತು ತೆಗೆದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀ, ಅದಕ್ಕೆ ಬರೆಯುತ್ತಿದ್ದೇನೆ. ಪತ್ರ ಗುರುವಾರದೊಳಗೆ ಆಡೂರು ಮುಟ್ಟಬಹುದು. ತಂಗಿ ಸುಧಾರಾಣಿಯ ನಿಶ್ಚಯ ಸೋಮವಾರ. ನಡುವೆ ನಾಲ್ಕು ದಿನ ಸಿಗುತ್ತವೆ.

ರವಿವಾರ ಉಪನ್ಯಾಸಕರ ಅರ್ಹತಾ ಪರೀಕ್ಷೆ ಬರೆದೆ. ಜೀವವಿಜ್ಞಾನದ ಪತ್ರಿಕೆ. ಜೀವಕೋಶದೊಳಗೆ ಡಿಎನ್‌ಎ ನಕಲಾಗುವ ಬಗೆಯಿಂದ ಹಿಡಿದು ಕೆರೆಯೊಂದರಲ್ಲಿ ಯಾವುದು ಯಾವುದನ್ನು ತಿಂದು ಬದುಕುತ್ತದೆ ಎನ್ನುವವರೆಗೆ ಎಲ್ಲವನ್ನೂ ಕೇಳಿದ್ದರು. ಅರವತ್ತೆರಡು ಪ್ರಶ್ನೆಗಳವರೆಗೆ ಎಲ್ಲಿಯೂ ನಿಲ್ಲಲಿಲ್ಲ.

ಅರವತ್ತಮೂರನೆಯದು ಒಂದು ವಂಶವೃಕ್ಷ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ನಡುವೆ ಒಂದು ಗೆರೆ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಎರಡು ಗೆರೆ. ರೋಗವಿದ್ದವರಿಗೆ ಕಪ್ಪು ತುಂಬುತ್ತಾರೆ. ಆ ಚಿತ್ರದಲ್ಲಿ ಒಬ್ಬಳು ತನ್ನ ಸೋದರಮಾವನನ್ನೇ ಮದುವೆಯಾಗಿದ್ದಳು. ಕೆಳಗೆ ಒಂದು ಕಪ್ಪು ಚೌಕ. ಮುಂದಿನ ಮಗುವಿಗೂ ಅದೇ ರೋಗ ಬರುವ ಸಾಧ್ಯತೆ ಎಷ್ಟು?

ನಾಲ್ಕರಲ್ಲಿ ಒಂದು. ಪಿಯು ಮಕ್ಕಳಿಗೆ ಐದು ವರ್ಷದಿಂದ ಕಲಿಸುತ್ತಿರುವ ಲೆಕ್ಕ. ಉತ್ತರ ಹಾಳೆಯ ವೃತ್ತವನ್ನು ಪೆನ್ನಿನಿಂದ ಕಪ್ಪು ಮಾಡಿದೆ. ಪ್ರಶ್ನೆಪತ್ರಿಕೆಯಲ್ಲಿ ಕಪ್ಪು ಚೌಕ, ನನ್ನ ಕೈ ಕೆಳಗೆ ಕಪ್ಪು ವೃತ್ತ. ನನ್ನ ಮಗ, ನನ್ನ ಶೈಲಾ. ಆಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಉಳಿದದ್ದೆಲ್ಲ ಖಾಲಿ ಬಿಟ್ಟು ಎದ್ದು ಬಂದೆ.

ಇಬ್ಬರದೂ ಕತ್ತು ನಿಲ್ಲಲೇ ಇಲ್ಲ. ಮಗ ಬದುಕಿದ್ದು ಹನ್ನೊಂದು ತಿಂಗಳು, ಶೈಲಾ ಹದಿನಾಲ್ಕು.

ಮಗ ಹೋದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಗೆ ನೀನೇ ನನ್ನ ಜೊತೆ ಬಂದಿದ್ದೆ. ಗಂಡ ಹೆಂಡತಿ ರಕ್ತಸಂಬಂಧಿಗಳೇ ಎಂದು ನರ್ಸು ಕೇಳಿದಳು. ನೀನು ತಡಮಾಡದೆ ಅಂದೆ: “ಹ್ಯಾಂಗ ಆಗತೈತವಾ? ಅವರ ಬೆಡಗ ಬ್ಯಾರೆ, ಇವರ ಬೆಡಗ ಬ್ಯಾರೆ. ಒಂದ ಬೆಡಗಿನಾಗ ಯಾರರ ಹೆಣ್ಣು ಕೊಡತಾರೇನು?” ಫಾರ್ಮಿನಲ್ಲಿ ‘ಇಲ್ಲ’ ಎಂದು ಗುರುತು ಬಿತ್ತು. ಯಾವ ಪರೀಕ್ಷೆಯೂ ಇಲ್ಲದೆ ಶೈಲಾ ಹುಟ್ಟಿದಳು. ಅವಳೂ ಕತ್ತು ಹಿಡಿಯದಿದ್ದಾಗ ಡಾಕ್ಟರು ಚನ್ನೇಶನನ್ನೇ ಕೇಳಿದರು, ಮದುವೆಗೆ ಮೊದಲು ಈಕೆ ನಿಮಗೇನಾಗಬೇಕು ಎಂದು. “ಅಕ್ಕನ ಮಗಳ್ರಿ” ಎಂದ. ಡಾಕ್ಟರು ಆ ಹಳೆಯ ಫಾರ್ಮನ್ನು ತೆಗೆದು ‘ಇಲ್ಲ’ದ ಗುರುತನ್ನು ಹೊಡೆದುಹಾಕಿದರು.

ನೀನು ಸುಳ್ಳು ಹೇಳಲಿಲ್ಲ, ಅವ್ವ. ಬೆಡಗು ಬೇರೆಯಾದರೆ ನಮ್ಮಲ್ಲಿ ಸಂಬಂಧ ಕೂಡುತ್ತದೆ. ಆದರೆ ಬೆಡಗು ಗೋತ್ರದ ಹಾಗೆ ಅಪ್ಪನಿಂದ ಮಾತ್ರ ಬರುತ್ತದೆ, ರಕ್ತ ಇಬ್ಬರಿಂದಲೂ. ಹಂಸಭಾವಿಯ ಅಜ್ಜನಲ್ಲೋ ಅಜ್ಜಿಯಲ್ಲೋ ಇದ್ದ ದೋಷ ನಿನ್ನ ತಮ್ಮ ಚನ್ನೇಶನಿಗೂ ಬಂತು, ನಿನ್ನ ಮೂಲಕ ನನಗೂ ಬಂತು. ಒಬ್ಬರಲ್ಲಿದ್ದರೆ ಏನೂ ಆಗುವುದಿಲ್ಲ. ಇಬ್ಬರೂ ಅದನ್ನೇ ಕೊಟ್ಟರೆ ಮಗು ಉಳಿಯುವುದಿಲ್ಲ. ಸುಧಾಳಲ್ಲಿ ಅದು ಇರಬಹುದು, ಇಲ್ಲದಿರಬಹುದು. ನೀನು ಅವಳನ್ನು ಕೊಡಬೇಕೆಂದಿರುವ ನಿನ್ನ ಕಿರಿಯ ತಮ್ಮ ಶರಣುವಿನಲ್ಲೂ ಹಾಗೆಯೇ.

“ನಿನ್ನ ಹಣೇಬರಾ ಆಕಿಗ್ಯಾಕ ಹಚ್ಚತಿ?” ಎಂದು ಹೋದ ವಾರ ನೀನು ಕೇಳಿದೆ. ಇದು ಹಣೆಬರಹವಲ್ಲ. ಇಬ್ಬರೂ ಒಮ್ಮೆ ರಕ್ತ ಕೊಟ್ಟರೆ ಮೂರು ವಾರದಲ್ಲಿ ಗೊತ್ತಾಗುತ್ತದೆ. ಅಲ್ಲಿಯವರೆಗೆ ನಿಶ್ಚಯವನ್ನು ಮುಂದೆ ಹಾಕು. ನಿನ್ನ ತವರಿನವರು ಸಿಟ್ಟಾದರೆ ನನ್ನ ಹೆಸರು ಹೇಳು. ಚನ್ನೇಶನ ಮನೆ ಬಿಟ್ಟು ವರ್ಷವಾಯಿತು. ಅವರ ಕಣ್ಣಲ್ಲಿ ನಾನು ಇನ್ನು ಕೆಡುವುದಕ್ಕೆ ಏನೂ ಉಳಿದಿಲ್ಲ.

ನಿನ್ನ ಹಿರಿಯ ಮಗಳು,
ವಾಣಿಶ್ರೀ

ತಾ.ಕ.: ಅಂಚೆಗೆ ಹಾಕುವ ಮೊದಲೇ ಸುಧಾ ಹಾಸ್ಟೆಲಿನಿಂದ ಬಂದಳು, ಪತ್ರ ಓದಿದಳು. “ಅವ್ವ ಆಸ್ಪತ್ರ್ಯಾಗ ಹಂಗ ಅಂದಾಗ ನೀ ಎಂ.ಎಸ್ಸಿ. ಮುಗಿಸಿದ್ದಿ ಅಲ್ಲ?” ಎಂದು ಕೇಳಿದಳು. ಹೌದು ಎಂದೆ. ನರ್ಸು ಫಾರ್ಮನ್ನು ಕೊಟ್ಟಿದ್ದು ನನ್ನ ಕೈಗೆ. ಗುರುತು ಹಾಕಿದವಳು ನಾನು. ನಿಜ ಬರೆದಿದ್ದರೆ ಪರೀಕ್ಷೆಯಾಗುವವರೆಗೆ ಇನ್ನೊಂದು ಮಗು ಬೇಡ ಅನ್ನುತ್ತಿದ್ದರು, ನನಗೆ ಕಾಯುವುದಾಗಲಿಲ್ಲ. ಸುಧಾ ಶುಕ್ರವಾರ ರಕ್ತ ಕೊಡಲು ಹುಬ್ಬಳ್ಳಿಗೆ ಹೋಗುತ್ತಾಳಂತೆ. ಜೊತೆಗೆ ಬರುತ್ತೇನೆ ಎಂದೆ. “ನೀ ಬ್ಯಾಡ” ಎಂದಳು.