ಪಿಯಾನೊ ಕಾಲಿಗೆ ಬಡಿದ ಮೊಳೆ

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಎರಡು ಪಾಠ. ಹುರಿದ ಬಟಾಣಿ ಬೆರೆಸಿದ ಅದೇ ರೇಷನ್ ಕಾಫಿ. ಮೂರನೆಯ ಪಾಠ ಸೊರಾಯ್ದಾ ಅವರದು. ಜೀವಮಾನವಿಡೀ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗಿದ ಹೆಂಗಸು. ನಿವೃತ್ತಿಯಾದ ಮೇಲೆ ಪಿಯಾನೊ ಕಲಿಯುವ ಹಟ. ಇವತ್ತು ಮೊದಲ ಸಾಲು ತಪ್ಪಿಲ್ಲದೆ ಬಂತು. ಖುಷಿಯಲ್ಲಿ ಎಡಗಾಲು ಪಕ್ಕಕ್ಕೆ ಚಾಚಿ ಮುಂದಕ್ಕೆ ಬಾಗಿದರು — ಪಿಯಾನೊದ ಒಂದು ಕಾಲು ಕಳಚಿತು. ಇಡೀ ಮೂಲೆ ಅವರ ಪಾದದ ಮೇಲೆ.

ತಂತಿಗಳೆಲ್ಲ ಒಟ್ಟಿಗೆ ನರಳಿದವು. ಅವರು ನರಳಲಿಲ್ಲ.

ಮಾರ್ಚ್ ೬

ಮೂಳೆ ಮುರಿದಿದೆ. ಆಸ್ಪತ್ರೆಯಲ್ಲಿ ಅವರೇ ನನಗೆ ಸಮಾಧಾನ ಹೇಳಿದರು. "ಅಳ್ಬೇಡಿ ಟೀಚರಮ್ಮ. ಪೆಡಲ್ ಒತ್ತೋದು ಬಲಗಾಲು ತಾನೆ?"

ಮನೆಗೆ ಬಂದರೆ ನನ್ನ ಗಂಡ ಎವೆಲಿಯೊ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಸಾರುತ್ತಿದ್ದಾನೆ. "ಗೆದ್ದಲು ಕಣ್ರೀ. ನೋಡ್ಕೊಳೇ ನೆರೆಯ್ದಾ ಅಂತ ಇವಳಿಗೆ ಎಷ್ಟು ಸಲ ಬಡ್ಕೊಂಡೆ!"

ನಂಬಿದೆ. ನನ್ನನ್ನೇ ಬೈದುಕೊಂಡೆ.

ಮಾರ್ಚ್ ೯, ಭಾನುವಾರ

ನೆರೆಯವರನ್ನು ಕರೆದು ಪಿಯಾನೊವನ್ನು ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿಸಿದೆವು. ಟಾರ್ಚ್ ಹಾಕಿ ನೋಡಿದೆ. ಗೆದ್ದಲು ಇಲ್ಲ. ಒಂದೂ ಇಲ್ಲ! ಸ್ಕ್ರೂ ಕೂರುವ ತೂತುಗಳು ಹಿಗ್ಗಿವೆ, ಒಳಗೆ ಯಾರೋ ಬೆಂಕಿಕಡ್ಡಿ ತುರುಕಿದ್ದಾರೆ. ಪಕ್ಕದಲ್ಲಿ ಮೊಳೆ. ಹೊಳೆಯುವ ಹೊಸ ಮೊಳೆ.

"ಇದು ಯಾವ ಜಾತಿ ಗೆದ್ದಲು, ಎವೆಲಿಯೊ? ಸುತ್ತಿಗೆ ಹಿಡಿಯೋಕೂ ಬರುತ್ತಾ ಇದಕ್ಕೆ?"

ತಲೆ ತಗ್ಗಿಸಿದ. ನಾನು ಹವಾನಾಕ್ಕೆ, ಅಕ್ಕನ ಮನೆಗೆ ಹೋಗಿದ್ದಾಗ ಡಾಮಿನೊ ಆಟದ ಮೇಜಿಗೆ ಜಾಗ ಬೇಕಾಯಿತಂತೆ. ಗೆಳೆಯರ ಜೊತೆ ಸೇರಿ ಪಿಯಾನೊವನ್ನು ಎತ್ತದೆ ಎಳೆದಿದ್ದಾನೆ; ಕಾಲು ಸಡಿಲವಾದಾಗ ಮೊಳೆ ಬಡಿದು ಮುಚ್ಚಿಟ್ಟಿದ್ದಾನೆ.

"ಹೇಳಿದ್ರೆ ಕೂಗಾಡ್ತೀಯ ಅಂತ..."

"ಈಗೇನು ಲಾಲಿ ಹಾಡ್ತಿದೀನಾ? ನಿನ್ನ ಬಾಯಿ ಬಿಡಿಸೋಕೆ ಆ ಅಮ್ಮನ ಕಾಲು ಮುರೀಬೇಕಿತ್ತಾ?"

ಮಾರ್ಚ್ ೧೦

ಅಡುಗೆ ನನಗೊಬ್ಬಳಿಗೆ.

ಮೊಳೆ ಕಿತ್ತೆ. ಒಂದೊಂದಕ್ಕೂ ಒಂದು ಬೈಗುಳ. ತೂತುಗಳನ್ನು ದೊಡ್ಡದಾಗಿ ಕೊರೆದು, ಗಟ್ಟಿ ಮರದ ಗೂಟಗಳಿಗೆ ಅಂಟು ಹಚ್ಚಿ ಬಡಿದೆ. ಎವೆಲಿಯೊ ಡ್ರಿಲ್ ಹಿಡಿಯಲು ಬಂದ.

"ಮುಟ್ಟಿದ್ರೆ ಜೋಕೆ! ಹೋಗು, ಸೊರಾಯ್ದಾ ಅವರಿಗೆ ನಿನ್ನ ಗೆದ್ದಲಿನ ಕಥೆ ಹೇಳು."

ಮಾರ್ಚ್ ೧೩

ಗೂಟದ ಅಂಟು ಒಣಗಿದೆ. ಗೂಟದಲ್ಲೇ ಹೊಸ ತೂತು, ಉದ್ದನೆಯ ಸ್ಕ್ರೂ. ಕಾಲು ಬಿಗಿಯಾಗಿ ಕೂತಿತು. ಪಿಯಾನೊ ಎದ್ದು ನಿಂತಿದೆ. ಅವನು ಸೊರಾಯ್ದಾ ಹತ್ತಿರ ಇನ್ನೂ ಹೋಗಿಲ್ಲ. ಹೇಡಿ.

ಏಪ್ರಿಲ್ ೨೨, ಮಂಗಳವಾರ

ಸೊರಾಯ್ದಾ ಕೋಲೂರಿಕೊಂಡು ಬಂದರು. ಎವೆಲಿಯೊ ಹಿತ್ತಿಲ ಕಡೆ ಜಾರುತ್ತಿದ್ದ. ಅಂಗಿ ಹಿಡಿದು ನಿಲ್ಲಿಸಿದೆ. ನೆಲ ನೋಡುತ್ತ ಎಲ್ಲ ಹೇಳಿದ. ಅವರು ಕೋಲನ್ನು ಗೋಡೆಗೆ ಒರಗಿಸಿ ಪಿಯಾನೊ ಮುಂದೆ ಕೂತರು.

"ಸರಿ ಕಣಪ್ಪಾ. ನಾನು ನುಡಿಸಿ ಮುಗಿಸೋವರೆಗೂ ಇದರಡೀಲಿ ಕೂತಿರು."

"ಅಡೀಲಾ?"

"ಇಗೋ, ಈ ಮೂಲೇಲಿ."

ನನ್ನ ಮುಖ ನೋಡಿದ. ಸ್ಕ್ರೂ ಬಿಗಿದವಳು ನಾನು — ಎಂಥ ಸಿಟ್ಟಿನಲ್ಲಿ ಬಿಗಿದೆ ಎಂಬುದೂ ಅವನಿಗೆ ಗೊತ್ತು. ಮಂಡಿಯೂರಿ ಒಳಗೆ ತೂರಿದ. ಸೊರಾಯ್ದಾ ನುಡಿಸಿದರು. ತಪ್ಪುತಪ್ಪಾಗಿ, ಬೇಕೆಂದೇ ಜೋರಾಗಿ. ಪಿಯಾನೊ ಅಲುಗಲಿಲ್ಲ.

"ಸಾಕೇನೇ, ನೆರೆಯ್ದಾ?" ಕೆಳಗಿನಿಂದ ಸಣ್ಣ ದನಿ.

ಸಾಕಾಗಿಲ್ಲ. ಈಗ ಬರೆಯುವಾಗಲೂ ಸಾಕಾಗಿಲ್ಲ. ಆದರೆ ಸೊರಾಯ್ದಾ ಬಾಯಿ ಮುಚ್ಚಿಕೊಂಡು ನಕ್ಕಾಗ ನನಗೂ—