ಸೇತುವೆ ಮೇಲೆ ಮೊದಲ ಗಾಡಿ

ಕೆ.ಆರ್. ನಗರ
೧೭ ನವೆಂಬರ್ ೨೦೨೪

ಪ್ರೀತಿಯ ಕಿರಣ್ ಬಾವ,

ಹೇಗಿದ್ದೀಯ? ಕಾಲು ತೆಗೆದ ಜಾಗ ಒಣಗಿತಾ? ಇಷ್ಟು ದಿನ ಬರೆಯಲಿಲ್ಲ ಅಂತ ಬೈಯಬೇಡ. ಅಪ್ಪ ನನ್ನ ಫೋನ್ ಕಿತ್ತುಕೊಂಡಿದ್ದಾರೆ. ಮೆಸೇಜ್ ಟೈಪ್ ಮಾಡಿಯೇ ಬೆಳೆದವಳು, ಪೆನ್ನು ಹಿಡಿದರೆ ಬೆರಳು ನೋಯುತ್ತೆ. ಇದನ್ನು ಗೆಳತಿ ಫರ್ಹತ್ ಕೈಯಲ್ಲಿ ಮೈಸೂರಿನ ಆಸ್ಪತ್ರೆಗೆ ಕಳಿಸುತ್ತಿದ್ದೇನೆ.

ನಿನ್ನ ಟ್ರ್ಯಾಕ್ಟರ್ ರೀಲ್ಸ್‌ಗೆ ನಾನು ಮಾಡಿದ್ದ ಫ್ಯಾನ್ ಪೇಜ್ ಮಾತ್ರ ನೋಡಬೇಡ. ಸೇತುವೆ ಕುಸಿದು ನೀನು ಗಾಡಿ ಸಮೇತ ನಾಲೆಗೆ ಬಿದ್ದ ವಿಡಿಯೋ ಹಾಕಿ, ಕೆಳಗೆ ನಗುವ ಇಮೋಜಿ ಸುರಿದಿದ್ದಾರಂತೆ. ನಿನ್ನ ಜೊತೆಗೇ ಓದಿದ ಚಲುವರಾಜು "ಓವರ್‌ಲೋಡ್ ಹೀರೋ" ಅಂತ ಬರೆದಿದ್ದಾನೆ.

ರಾಜರ ಕಾಲದ ಕಲ್ಲು, ಅಲ್ಲಾಡಲ್ಲ ಅಂತಿದ್ದ ಊರು ಈಗ ನಿನ್ನನ್ನೇ ಬೈಯುತ್ತಿದೆ. ವರ್ಷಾ ವರ್ಷಾ ಕಾಯಿ ಒಡೆದು, ಸೇತುವೆ ದಾಟಿ ಆಲೆಮನೆಗೆ ಹೋಗುವ ಕಬ್ಬಿನ ಮೊದಲ ಗಾಡಿ ಅಪ್ಪನದೇ ಅಲ್ವಾ? ಆ ಮರ್ಯಾದೆಯನ್ನು ಅವರು ಯಾರಿಗೂ ಬಿಟ್ಟವರಲ್ಲ. ಈ ಸಲ ಅವರೇ ಎಲ್ಲರೆದುರು, "ನಮ್ ಸೋಮಕ್ಕನ ಮಗ, ನನ್ ಅಳಿಯ ಆಗೋನು. ಅವನ್ ಗಾಡಿನೇ ಮುಂದೆ ಓಗ್ಲಿ ಕಣ್ರಲಾ" ಅಂದಾಗ ನಾನು ಕುಣಿದಾಡಿದ್ದೆ.

ಹೋದ ವಾರ ಸೋಮತ್ತೆ ನಮ್ಮ ಮನೆಗೆ ಬಂದಿದ್ದರು. ಮದುವೆ ಮಾತು ಮುರಿಯಬೇಡ ಅಂತ ತಮ್ಮನ ಕಾಲು ಹಿಡಿದರು. ಅಪ್ಪ ಕಾಫಿ ಲೋಟ ಕೆಳಗಿಡಲಿಲ್ಲ.

"ಏನಕ್ಕ, ಒಂಟಿ ಕಾಲ್ನವನ್ಗೆ ಕೊಟ್ಟು ನನ್ ಮಗ್ಳು ಜೀವ್ಮಾನೆಲ್ಲ ಎತ್ತಿ ಇಳಿಸ್ಕಂಡು ಇರ್ಬೇಕಾ?"

"ನೀನೇ ಕಳ್ಸುದ್ದಲ್ಲಪ್ಪ ಅವನ್ನ."

"ಕಳ್ಸುದ್ದೆ. ಬೀಳು ಅಂದಿದ್ನಾ?"

ಪಕ್ಕದಲ್ಲಿ ಕೂತಿದ್ದ ಚಲುವರಾಜು ನಕ್ಕ. ನಾನು ಒಳಗಿಂದ ಬಂದು, ಮದುವೆ ಅಂತ ಆದರೆ ಕಿರಣ್ ಬಾವನನ್ನೇ ಆಗೋದು ಅಂದೆ. ಕೆನ್ನೆಗೆ ಬಿತ್ತು. ಫೋನ್ ಹೋಗಿದ್ದೂ ಆಗಲೇ.

ನೀನು ಊಟ ಬಿಡಬೇಡ. ಡಾಕ್ಟರು ಹೇಳಿದಂತೆ ಕೃತಕ ಕಾಲು ಹಾಕಿಸಿಕೋ. ಚುಂಚನಕಟ್ಟೆ ರಾಮ ನಿನ್ನನ್ನು ಕಾಯಲಿ.

ನಿನ್ನವಳೇ,
ಅನುಶ್ರೀ

ತಾ.ಕ.: ಇದನ್ನು ಬರೆಯದೇ ಕಳಿಸೋಣ ಅಂದುಕೊಂಡೆ, ಆಗಲಿಲ್ಲ. ಇವತ್ತು ಬೆಳಿಗ್ಗೆ ಗಾರೆ ಕೆಲಸದ ಕಾಂತರಾಜು ಜಗಲಿ ಮೇಲೆ ಕೂತು, "ಸೇತ್ವೆ ಕಮಾನಿನ ಕಲ್ಲು ಜಾರವೆ, ಈ ಸಲ ನಿಮ್ ಗಾಡಿ ಬುಡಬ್ಯಾಡಿ ಅಂತ ನಾನು ಮೊದ್ಲೇ ಬಡ್ಕಂಡಿದ್ದು ಒಳ್ಳೇದಾಯ್ತು ಗೌಡ್ರೇ" ಅಂದ. ಅಪ್ಪ, "ಮೆತ್ತಗ್ ಮಾತಾಡ್ಲಾ" ಅಂದರು. ಬಾವ, ಆವತ್ತು ನಾನು ನಿನ್ನ ಪಕ್ಕ ಮಡ್‌ಗಾರ್ಡ್ ಮೇಲೆ ಹತ್ತಿ ಕೂತಿದ್ದೆನಲ್ಲ. ಸೇತುವೆ ಬಂದಾಗ ಅಪ್ಪ ಗಾಡಿ ನಿಲ್ಲಿಸಿ, "ಮದ್ವೆಗ್ ಮುಂಚೆ ಇವೆಲ್ಲ ಚೆಂದಾಗಿರಲ್ಲ, ಇಳಿಯವ್ವ" ಅಂತ ಕೈ ಹಿಡಿದು ನನ್ನನ್ನು ಇಳಿಸಿಕೊಂಡರು. ನಾಚಿಕೊಂಡು ನಾವಿಬ್ಬರೂ ನಕ್ಕೆವು. ಆಮೇಲೆ ಅವರೇ ನಿನಗೆ ಕೈ ಬೀಸಿದರು, "ಓಗ್ಲಾ, ಓಗು" ಅಂತ.